ವೆಲ್ಡಿಂಗ್ ಕೆಲಸದವರ ಊಟದ ಡಬ್ಬಿ: ಹೊಗೆಯ ಹಾನಿ ತಗ್ಗಿಸಲು ಏನು ಮಾಡಬೇಕು, ಏನು ತಿನ್ನಬೇಕು

ನಮ್ಮಪ್ಪನದು ತುಮಕೂರಿನಲ್ಲಿ ಗೇಟು, ಗ್ರಿಲ್ ಮಾಡುವ ಸಣ್ಣ ಶೆಡ್ಡು. ಮೇಲೆ ಶೀಟು, ಮುಂದೆ ರೋಲಿಂಗ್ ಶಟರ್. ಮಳೆ ಬಂದರೆ ಶಟರ್ ಅರ್ಧ ಇಳಿಸಿಕೊಂಡು ಒಳಗೇ ವೆಲ್ಡಿಂಗ್ ಮಾಡುತ್ತಿದ್ದರು. ಸಂಜೆ ಮನೆಗೆ ಬಂದು ಮೂಗು ಸೀನಿದರೆ ಕರ್ಚೀಫಿನ ಮೇಲೆ ಕಪ್ಪು ಕಲೆ. ಅಮ್ಮ ಆ ಕರ್ಚೀಫನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿಡುತ್ತಿದ್ದಳು. ರಾತ್ರಿ ಮಲಗುವ ಮುಂಚೆ ಅಪ್ಪನಿಗೆ ಒಂದು ಲೋಟ ಹಾಲು, ಒಂದು ತುಂಡು ಬೆಲ್ಲ ತಪ್ಪುತ್ತಿರಲಿಲ್ಲ. ಹೊಗೆಯೆಲ್ಲ ಇಳಿದು ಹೋಗುತ್ತದೆ ಅಂತ ನಂಬಿಕೆ.

ನಾನು ಮುಂದೆ ಓದಿದ್ದು ಆಹಾರ ವಿಜ್ಞಾನ. ಈಗ ಪೀಣ್ಯ ಕಡೆಯ ಫ್ಯಾಬ್ರಿಕೇಷನ್ ಶೆಡ್‌ಗಳಲ್ಲಿ ಕೆಲಸ ಮಾಡುವವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಹೊಗೆಗೆ ಏನು ತಿಂದರೆ ಒಳ್ಳೇದು?" ನೇರವಾಗಿ ಹೇಳುತ್ತೇನೆ. ಯಾವ ಊಟವೂ ಶ್ವಾಸಕೋಶಕ್ಕೆ ಹೋದ ಹೊಗೆಯನ್ನು ತೊಳೆಯುವುದಿಲ್ಲ. ಆದರೆ ಆ ಹೊಗೆಯ ಜೊತೆ ಮೈ ದಿನಾ ಗುದ್ದಾಡುತ್ತಿರುತ್ತದೆ. ಆ ಗುದ್ದಾಟಕ್ಕೆ ಬೇಕಾದ ಸಾಮಾನು ಬರುವುದು ಊಟದಿಂದಲೇ. ಅದಕ್ಕೇ ಮೊದಲು ಹೊಗೆ ಕಡಿಮೆ ಮಾಡಬೇಕು, ಆಮೇಲೆ ಡಬ್ಬಿ ಸರಿ ಮಾಡಬೇಕು. ಈ ಕ್ರಮ ತಿರುವುಮುರುವು ಆಗಬಾರದು.

ನೀವು ಸುಡುತ್ತಿರುವುದು ಏನು ಅಂತ ತಿಳಿದುಕೊಳ್ಳಿ

ಎಲ್ಲ ಹೊಗೆಯೂ ಒಂದೇ ಅಲ್ಲ. ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಉಕ್ಕು) ಚೌಕಟ್ಟಿಗೆ 6013 ನಂಬರಿನ ವೆಲ್ಡಿಂಗ್ ರಾಡ್ ಹಾಕಿ ವೆಲ್ಡ್ ಮಾಡಿದರೆ ಬರುವುದು ಮುಖ್ಯವಾಗಿ ಕಬ್ಬಿಣದ ಆಕ್ಸೈಡ್, ಜೊತೆಗೆ ಮ್ಯಾಂಗನೀಸ್. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ರೇಲಿಂಗ್ ಕೆಲಸದಲ್ಲಿ ಕ್ರೋಮಿಯಂ, ನಿಕಲ್ ಸೇರಿಕೊಳ್ಳುತ್ತವೆ. ಇಲ್ಲಿ ಗ್ಯಾಸಿನ ರಕ್ಷಣೆಯಲ್ಲಿ ಮಾಡುವ ಟಿಗ್ ವೆಲ್ಡಿಂಗ್‌ಗಿಂತ ರಾಡ್ ವೆಲ್ಡಿಂಗ್‌ನಲ್ಲಿ ಕ್ಯಾನ್ಸರ್ ತರುವ ಬಗೆಯ ಕೆಟ್ಟ ಕ್ರೋಮಿಯಂ ಜಾಸ್ತಿ ಬರುತ್ತದೆ. ಜಿಐ (ಸತುವಿನ ಲೇಪ ಇರುವ) ಪೈಪಿನಲ್ಲಿ ಆ ಸತು, ಅಂದರೆ ಜಿಂಕ್. ಕೆಲವು ಬೆಳ್ಳಿ ಬೆಸುಗೆಯ ಕಡ್ಡಿಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಇದರ ಹೊಗೆ ಪ್ರಾಣಕ್ಕೇ ಕುತ್ತು. ಪ್ಯಾಕೆಟ್ ಮೇಲೆ ಕ್ಯಾಡ್ಮಿಯಂ ಇಲ್ಲ ಅಂತ ಬರೆದಿರುವ ಕಡ್ಡಿಯನ್ನೇ ಕೇಳಿ ತನ್ನಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಎಸ್‌ಎಸ್ ಮಾತ್ರ ಅಲ್ಲ, ಎಂಎಸ್ ಹೊಗೆಯೂ ಅದರಲ್ಲಿದೆ. "ನಮ್ಮದು ಬರೀ ಎಂಎಸ್ ಕೆಲಸ, ಏನಾಗಲ್ಲ" ಅನ್ನುವ ಮಾತು ಇನ್ನು ನಡೆಯುವುದಿಲ್ಲ.

ಜಿಐ ಪೈಪಿನ ಜ್ವರ ನಮ್ಮ ಮನೆಯಲ್ಲೇ ನೋಡಿದ್ದೇನೆ. ಒಂದು ಸಲ ಅಪ್ಪ ದಿನವಿಡೀ ಜಿಐ ಪೈಪಿನ ಗೇಟು ಮಾಡಿ ಬಂದರು. ಊಟದ ಹೊತ್ತಿಗೆ ಚೆನ್ನಾಗಿಯೇ ಇದ್ದರು. ಹತ್ತು ಗಂಟೆಗೆ ಶುರುವಾಯಿತು ನಡುಕ. ಎರಡು ರಗ್ಗು ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಬಾಯಲ್ಲಿ ನಾಣ್ಯ ಇಟ್ಟುಕೊಂಡ ಹಾಗಿದೆ ಅಂದರು, ಮತ್ತೆ ಮತ್ತೆ ನೀರು ಕೇಳಿದರು. ಮಲೇರಿಯಾ ಅಂದುಕೊಂಡು ಅಮ್ಮ ಹೆದರಿದಳು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಎದ್ದು ಕೂತರು. ಇದಕ್ಕೆ ಲೋಹದ ಹೊಗೆಯ ಜ್ವರ ಅನ್ನುತ್ತಾರೆ. ಹೊಗೆ ಕುಡಿದು ನಾಲ್ಕರಿಂದ ಹತ್ತು ಗಂಟೆ ಆದಮೇಲೆ ಬರುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ದಿನಾ ಹೊಗೆ ಕುಡಿದರೆ ಮೈ ಸ್ವಲ್ಪ ಒಗ್ಗಿಕೊಳ್ಳುತ್ತದೆ. ಭಾನುವಾರ ರಜೆ ತೆಗೆದುಕೊಂಡರೆ ಆ ಒಗ್ಗುವಿಕೆ ಹೋಗಿ, ಸೋಮವಾರ ಮತ್ತೆ ಜ್ವರ. ಇದು ಬಂದರೆ ಅವತ್ತು ಶೆಡ್ಡಿನಲ್ಲಿ ಗಾಳಿ ಸಾಲಲಿಲ್ಲ ಅಂತಲೇ ಅರ್ಥ.

ಮೈಯೊಳಗೆ ಏನಾಗುತ್ತದೆ

ಇದನ್ನು ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ.

ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್‌ಗಿಂತ ಚಿಕ್ಕವು. ತಲೆಗೂದಲು ಐವತ್ತು, ಎಪ್ಪತ್ತು ಮೈಕ್ರಾನ್ ದಪ್ಪ ಇರುತ್ತದೆ ಅಂದರೆ ಅಂದಾಜು ಸಿಗಬಹುದು. ಮೂಗಿನ ಕೂದಲು ಇವನ್ನು ಹಿಡಿಯುವುದಿಲ್ಲ. ಕರ್ಚೀಫಿನಲ್ಲಿ ಕಾಣುವ ಕಪ್ಪು ದೊಡ್ಡ ಕಣಗಳದ್ದು. ಸಣ್ಣವು ಆಗಲೇ ಶ್ವಾಸಕೋಶದ ತುದಿಗೆ ಹೋಗಿ ಕೂತಿರುತ್ತವೆ.

ಅಲ್ಲಿ ಕಬ್ಬಿಣ, ಕ್ರೋಮಿಯಂನಂಥ ಲೋಹಗಳು ಆಮ್ಲಜನಕವನ್ನು ರೊಚ್ಚಿಗೆಬ್ಬಿಸುತ್ತವೆ. ನಮ್ಮ ಜೀವಕೋಶಗಳಲ್ಲಿ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಯಾವಾಗಲೂ ಇರುತ್ತದೆ. ಕಬ್ಬಿಣ ಅದಕ್ಕೆ ತಗುಲಿದರೆ ಹುಟ್ಟುವುದು ಹೈಡ್ರಾಕ್ಸಿಲ್ ಅನ್ನುವ ಬಲು ಕೋಪಿಷ್ಠ ಕಣ. ಅದು ಪಕ್ಕದಲ್ಲಿ ಏನು ಸಿಕ್ಕರೂ ಕಚ್ಚುತ್ತದೆ. ಕೋಶದ ಗೋಡೆಯ ಕೊಬ್ಬು, ಪ್ರೋಟೀನು, ಕೊನೆಗೆ ಡಿಎನ್‌ಎ ಕೂಡ. ಈ ಕಚ್ಚಾಟ ಮೈಯ ತಡೆಯುವ ಶಕ್ತಿಯನ್ನು ಮೀರಿದಾಗ ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತಾರೆ.

ಗೇಟು ಮುಗಿದ ಮೇಲೆ ತುಕ್ಕು ಹಿಡಿಯದಿರಲಿ ಅಂತ ರೆಡ್ ಆಕ್ಸೈಡ್ ಬಳಿಯುತ್ತೀರಿ, ಅಲ್ವಾ? ಮೈಗೂ ಅಂಥದ್ದೊಂದು ಕಾಪು ಇದೆ, ಹೆಸರು ಗ್ಲುಟಾಥಯೋನ್. ಕಬ್ಬಿಣಕ್ಕೆ ಒಂದು ಸಲ ಬಳಿದರೆ ಕೆಲವು ವರ್ಷ ಸಾಕು. ಇದು ಖರ್ಚಾಗುತ್ತಲೇ ಇರುತ್ತದೆ, ದಿನಾ ಹೊಸದಾಗಿ ಮಾಡಿಕೊಳ್ಳಬೇಕು. ಅದನ್ನು ಮಾಡಲು ಬೇಕಾದದ್ದು ಪ್ರೋಟೀನಿನ ತುಣುಕುಗಳು. ಅಂದರೆ ಬೇಳೆ, ಕಾಳು, ಮೊಟ್ಟೆ, ಮೀನು. ಅದನ್ನು ಕೆಲಸಕ್ಕೆ ಹಚ್ಚಲು ಸೆಲೆನಿಯಂ ಅನ್ನುವ ಖನಿಜ ಬೇಕು. ಅದರ ಜೊತೆಗೆ ದುಡಿಯಲು ವಿಟಮಿನ್ ಸಿ, ವಿಟಮಿನ್ ಇ ಬೇಕು. ಬರೀ ಅನ್ನ, ತಿಳಿಸಾರು ಉಂಡುಕೊಂಡು ಎಂಟು ಗಂಟೆ ಹೊಗೆಯಲ್ಲಿ ನಿಲ್ಲುವವರ ಮೈಯಲ್ಲಿ ಈ ಕಾಪು ಬೇಗ ತೆಳುವಾಗುತ್ತದೆ.

ಮೊದಲ ಕೆಲಸ: ಹೊಗೆಯಿಂದ ತಲೆ ಹೊರಗೆ

ಹೊಗೆ ನೇರ ಮೇಲಕ್ಕೆ ಏಳುತ್ತದೆ. ಬಗ್ಗಿ ನೋಡುವವರ ಮುಖ ಸರಿಯಾಗಿ ಅದರ ದಾರಿಯಲ್ಲಿರುತ್ತದೆ. ಕೆಲಸವನ್ನು ಸ್ವಲ್ಪ ಓರೆ ಇಟ್ಟುಕೊಂಡು, ತಲೆ ಪಕ್ಕಕ್ಕೆ ಸರಿಸಿದರೆ ದುಡ್ಡಿಲ್ಲದೆಯೇ ಎಷ್ಟೋ ಹೊಗೆ ತಪ್ಪುತ್ತದೆ.

ಫ್ಯಾನು ಬೆನ್ನ ಹಿಂದೆ ಇಡಬೇಡಿ. ಹಿಂದಿನಿಂದ ಬಂದ ಗಾಳಿ ಎದೆಯ ಮುಂದೆ ಸುಳಿ ಸುತ್ತಿ ಹೊಗೆಯನ್ನು ಮುಖಕ್ಕೇ ತರುತ್ತದೆ. ಪಕ್ಕದಿಂದ ಬೀಸಲಿ, ಇನ್ನೊಂದು ಕಡೆ ಬಾಗಿಲೋ ಎಕ್ಸಾಸ್ಟ್ ಫ್ಯಾನೋ ಇರಲಿ. ಮಿಗ್, ಟಿಗ್ ವೆಲ್ಡಿಂಗ್ ಮಾಡುವಾಗ ಗಾಳಿ ನೇರ ಆರ್ಕಿಗೆ (ವೆಲ್ಡಿಂಗಿನ ಕಿಡಿಗೆ) ತಾಗಬಾರದು, ವೆಲ್ಡನ್ನು ಕಾಯುವ ಗ್ಯಾಸು ಹಾರಿ ವೆಲ್ಡು ಹಾಳಾಗುತ್ತದೆ. ಹೊಗೆ ಎಳೆಯುವ ಪೈಪು ಇದ್ದರೆ ಅದರ ಬಾಯಿ ಆರ್ಕಿಗೆ ಆದಷ್ಟು ಹತ್ತಿರ ಇರಲಿ. ದೂರ ದುಪ್ಪಟ್ಟಾದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಪೈಪು ಗೋಡೆಗೆ ನೇತುಹಾಕಿ, ವೆಲ್ಡಿಂಗ್ ನಾಲ್ಕು ಅಡಿ ಆಚೆ ಮಾಡಿದರೆ ಅದು ಸುಮ್ನೆ ಕರೆಂಟು ತಿನ್ನುತ್ತದೆ.

ಜಿಐ ಪೈಪಾದರೆ ಜೋಡಣೆಯ ಎರಡೂ ಕಡೆ ಎರಡರಿಂದ ನಾಲ್ಕು ಇಂಚು ಲೇಪ ಗ್ರೈಂಡ್ ಮಾಡಿ ತೆಗೆಯಿರಿ, ಮಾಸ್ಕ್ ಹಾಕಿಕೊಂಡೇ. ಪೇಂಟೂ ಹಾಗೇ. ಎಣ್ಣೆ ಜಿಡ್ಡು ತೆಗೆಯಲು ಕ್ಲೋರಿನ್ ಇರುವ ದ್ರಾವಣ ಬಳಸಿದ್ದರೆ ಅದು ಪೂರಾ ಒಣಗಿ, ಆವಿ ಹೋಗುವವರೆಗೆ ಅಲ್ಲಿ ಆರ್ಕ್ ಹೊಡೆಯಲೇಬೇಡಿ. ಆರ್ಕಿನ ಬೆಳಕಿಗೆ ಅದರಿಂದ ಫಾಸ್‌ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ.

ಇನ್ನು ಮಾಸ್ಕ್. ಮುಖಕ್ಕೆ ಕಟ್ಟಿದ ಟವೆಲ್ಲು ಈ ಕಣಗಳನ್ನು ತಡೆಯುವುದಿಲ್ಲ. ಐಎಸ್ 9473 (ಮಾಸ್ಕಿನ ಭಾರತೀಯ ಮಾನದಂಡ) ಗುರುತಿನ ಎಫ್‌ಎಫ್‌ಪಿ2 ಅಥವಾ ಎನ್95 ಬೇಕು, ಅದೂ ಹೆಲ್ಮೆಟ್ಟಿನ ಒಳಗೆ. ಗಡ್ಡ ಇದ್ದರೆ ಅಂಚಿನಿಂದ ಹೊಗೆ ನುಗ್ಗುತ್ತದೆ. ಇವು ಗ್ಯಾಸನ್ನು ತಡೆಯುವುದಿಲ್ಲ ಅನ್ನುವುದೂ ನೆನಪಿರಲಿ.

ಎರಡನೆಯದು: ಕೈ ಮತ್ತು ಡಬ್ಬಿ

ಡಬ್ಬಿಯೊಳಗೆ ಏನಿದೆ ಅನ್ನುವುದಕ್ಕಿಂತ ಮೊದಲು ಡಬ್ಬಿ ಎಲ್ಲಿದೆ ಅಂತ ನೋಡಿ. ಎಷ್ಟೋ ಶೆಡ್‌ಗಳಲ್ಲಿ ಊಟದ ಬ್ಯಾಗು ತೂಗುವುದು ಗ್ರೈಂಡಿಂಗ್ ಬೆಂಚಿನ ಪಕ್ಕದ ಮೊಳೆಗೆ. ಊಟಕ್ಕೆ ಕೂರುವುದು ವೆಲ್ಡಿನ ಮೇಲೆ ಕಟ್ಟಿದ ಸ್ಲ್ಯಾಗ್ ಪೊರೆ ಕುಟ್ಟಿದ ಜಾಗದಲ್ಲೇ, ಒಂದು ಪ್ಲೈವುಡ್ ತುಂಡು ಹಾಸಿಕೊಂಡು. ಕೈ ತೊಳೆಯುವುದೋ, ಒಂದು ಚೊಂಬು ನೀರಿನಲ್ಲಿ ಅದ್ದಿ ತೆಗೆಯುವುದು. ಉಗುರಿನ ಸಂದಿಯ ಕಪ್ಪು ಮುದ್ದೆಯ ಜೊತೆ ಒಳಗೆ ಹೋಗುತ್ತದೆ.

ಡಬ್ಬಿ, ನೀರಿನ ಬಾಟಲಿ ಎರಡೂ ಮುಚ್ಚಳ ಹಾಕಿ ಶೆಡ್ಡಿನ ಹೊರಗೋ, ಬಾಗಿಲಿರುವ ಕಪಾಟಿನಲ್ಲೋ ಇರಲಿ. ಸೋಪು ಹಾಕಿ ಮೊಣಕೈವರೆಗೂ ತಿಕ್ಕಿ ತೊಳೆಯಿರಿ, ಮುಖ ತೊಳೆಯಿರಿ, ಬಾಯಿ ಮುಕ್ಕಳಿಸಿ ಉಗಿಯಿರಿ. ಥಿನ್ನರಿನಲ್ಲಿ ಕೈ ತೊಳೆಯಬೇಡಿ. ಬೀಡಿ ಸೇದುವವರು, ತಂಬಾಕು ತಿಕ್ಕಿ ಬಾಯಿಗಿಡುವವರು ದಿನಕ್ಕೆ ಹತ್ತಾರು ಸಲ ಆ ಕೈಯನ್ನು ಬಾಯಿಗೆ ಒಯ್ಯುತ್ತಾರೆ. ತಂಬಾಕಿನಲ್ಲೇ ಕ್ಯಾಡ್ಮಿಯಂ ಇರುತ್ತದೆ, ಅದು ಬೇರೆ. ಕೆಲಸದ ಬಟ್ಟೆ ಮನೆಗೆ ತಂದರೆ ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ನಮ್ಮಮ್ಮನ ಬೇರೆ ಬಕೆಟ್ಟು ಸರಿಯಾದದ್ದೇ.

ಮೂರನೆಯದು: ರಕ್ತ ಕಡಿಮೆ ಇದೆಯಾ, ಪರೀಕ್ಷೆ ಮಾಡಿಸಿ

ಇದು ಬಹಳ ಜನರಿಗೆ ಗೊತ್ತಿಲ್ಲದ ಮಾತು, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ.

ನಮ್ಮ ಕರುಳಿನಲ್ಲಿ ಕಬ್ಬಿಣಾಂಶ ಒಳಗೆ ಹೋಗಲು ಒಂದು ಬಾಗಿಲಿದೆ. ಮ್ಯಾಂಗನೀಸ್ ಕೂಡ ಅದೇ ಬಾಗಿಲಿನಿಂದ ಹೋಗುತ್ತದೆ. ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಕರುಳು ಆ ಬಾಗಿಲನ್ನು ಅಗಲ ಮಾಡುತ್ತದೆ. ಆಗ ಕಬ್ಬಿಣಕ್ಕೆ ತೆರೆದ ಬಾಗಿಲಲ್ಲಿ ಮ್ಯಾಂಗನೀಸೂ ಜಾಸ್ತಿ ನುಗ್ಗುತ್ತದೆ. ಹೊಗೆಯ ಮ್ಯಾಂಗನೀಸ್ ಕರುಳಿಗೆ ಹೇಗೆ ಬಂತು ಅಂತ ಕೇಳಬಹುದು. ಕೈಯಿಂದ, ಡಬ್ಬಿಯಿಂದ, ಮತ್ತೆ ಎದೆಯಿಂದ ಮೇಲೆ ಬಂದ ಕಫವನ್ನು ಗೊತ್ತಿಲ್ಲದೆ ನುಂಗುವುದರಿಂದ. ಮ್ಯಾಂಗನೀಸ್ ವರ್ಷಗಟ್ಟಲೆ ಮಿದುಳಿನಲ್ಲಿ ಸೇರಿಕೊಂಡರೆ ಪಾರ್ಕಿನ್‌ಸನ್ ಕಾಯಿಲೆಯನ್ನು ಹೋಲುವ ತೊಂದರೆ ಬರುತ್ತದೆ. ನಡಿಗೆ ನಿಧಾನ, ಕೈ ನಡುಕ, ಸಹಿ ಚಿಕ್ಕದಾಗುತ್ತ ಹೋಗುವುದು, ಸುಮ್ಮಸುಮ್ಮನೆ ಸಿಟ್ಟು.

ರಕ್ತಹೀನತೆ ಹೆಂಗಸರದ್ದು ಮಾತ್ರ ಅಂದುಕೊಳ್ಳಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25 ಜನರಿಗೆ, ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತ ಕಡಿಮೆ. ಗಂಡಸರಿಗೆ ಹಿಮೋಗ್ಲೋಬಿನ್ 13ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ. ಸಾಧ್ಯವಾದರೆ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ. ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಅಂತ ಅದು ಹೇಳುತ್ತದೆ.

ಹಾಗಂತ ಮೆಡಿಕಲ್ ಶಾಪಿನಿಂದ ಐರನ್ ಮಾತ್ರೆ ತಂದು ನುಂಗಬೇಡಿ. ಕಬ್ಬಿಣಾಂಶ ಬೇಕಾದ್ದಕ್ಕಿಂತ ಹೆಚ್ಚಾದರೆ ಮೇಲೆ ಹೇಳಿದ ಕಚ್ಚಾಟ ಇನ್ನೂ ಜೋರಾಗುತ್ತದೆ. ಪರೀಕ್ಷೆ ಮೊದಲು, ಮಾತ್ರೆ ಡಾಕ್ಟರ್ ಹೇಳಿದರೆ ಮಾತ್ರ.

ನಾಲ್ಕನೆಯದು: ಡಬ್ಬಿಯೊಳಗೆ ಏನಿರಬೇಕು

ದುಬಾರಿ ಏನೂ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಇದೆ. ಇದು 2000 ಕ್ಯಾಲೊರಿಯ ಊಟಕ್ಕೆ. ಮೈಮುರಿದು ದುಡಿಯುವವರಿಗೆ ಇನ್ನೂ ಜಾಸ್ತಿಯೇ ಬೇಕು. ನಾನು ನೋಡಿದ ಡಬ್ಬಿಗಳಲ್ಲಿ ಅನ್ನ ಬೇಕಾದಷ್ಟು ಇರುತ್ತದೆ, ಪಲ್ಯ ಮಾತ್ರ ಮೂಲೆಯಲ್ಲಿ ಎರಡು ಚಮಚ. ಅದನ್ನು ತಿರುಗಿಸಬೇಕು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ಕಾಫಿ ಕುಡಿದು ಕೆಲಸಕ್ಕೆ ಹೋಗಬೇಡಿ. ಇಡ್ಲಿಯೋ ಚಿತ್ರಾನ್ನವೋ ಏನಾದರೂ ಸರಿ, ಜೊತೆಗೆ ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದವರು ಶೇಂಗಾ ಚಟ್ನಿ, ಕಡ್ಲೆಕಾಳು ಉಸಲಿ ಮಾಡಿಕೊಳ್ಳಬಹುದು.

ಹನ್ನೊಂದು ಗಂಟೆಯ ಟೀ, ಬನ್ನಿನ ಹೊತ್ತು ನನ್ನ ಪ್ರಕಾರ ಬದಲಾಯಿಸಲು ಬಹಳ ಸುಲಭವಾದ ಹೊತ್ತು. ಒಂದು ಸೀಬೆಹಣ್ಣು, ಒಂದು ಹಿಡಿ ಹುರಿದ ಶೇಂಗಾ. 100 ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಗಂಡಸಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ. ಶೇಂಗಾದಲ್ಲಿ ವಿಟಮಿನ್ ಇ, ಪ್ರೋಟೀನು ಎರಡೂ ಇವೆ. ಗಾಡಿಯವರು ಸೀಬೆ ಕೊಯ್ದು ಉಪ್ಪು ಖಾರ ಹಚ್ಚಿ ಕೊಟ್ಟರೂ ಪರವಾಗಿಲ್ಲ, ನಿಮ್ಮ ಕೈ ತೊಳೆದಿರಲಿ. ಸೀಬೆ ಸಿಗದ ಕಾಲಕ್ಕೆ ನೆಲ್ಲಿಕಾಯಿ, ಕಿತ್ತಳೆ, ಪರಂಗಿ.

ಮಧ್ಯಾಹ್ನಕ್ಕೆ ನಮ್ಮ ಕಡೆ ಮುದ್ದೆ ಜೊತೆ ಬಸ್ಸಾರು ಮಾಡುತ್ತಾರಲ್ಲ, ಅದಕ್ಕಿಂತ ಒಳ್ಳೆಯದನ್ನು ನಾನು ಹುಡುಕಿ ಹೇಳಲಾರೆ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲೇ ಸಾರು, ಬಸಿದದ್ದು ಪಲ್ಯ. ಏನೂ ಹೊರಗೆ ಚೆಲ್ಲುವುದಿಲ್ಲ. ನುಗ್ಗೆಸೊಪ್ಪು, ದಂಟು, ಹೊನಗೊನೆ, ಕಿರಕಸಾಲೆ, ಯಾವುದಾದರೂ ಸರಿ. ಒಂದು ಹೋಳು ನಿಂಬೆಹಣ್ಣು ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳಿ, ತಿನ್ನುವಾಗ ಹಿಂಡಿ. ಬೆಳಿಗ್ಗೆಯೇ ಹಿಂಡಿದರೆ, ಅಡುಗೆಗೆ ಹಾಕಿ ಕುದಿಸಿದರೆ ವಿಟಮಿನ್ ಸಿ ಬಹಳಷ್ಟು ಹೋಗಿಬಿಡುತ್ತದೆ. ಸೊಪ್ಪು, ಕಾಳು, ರಾಗಿಯ ಕಬ್ಬಿಣಾಂಶ ಮೈಗೆ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ನಿಂಬೆಯ ಹುಳಿ ಅದನ್ನು ಹತ್ತಿಸುತ್ತದೆ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಅದು ಕೆಡುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿಪುಡಿ, ಹಸಿ ಮೆಂತ್ಯಸೊಪ್ಪು, ಈರುಳ್ಳಿ. ಇದು ಆಗಲೇ ಪೂರ್ತಿ ಊಟ, ಬಿಡದೆ ತಿನ್ನಿ ಅಷ್ಟೇ. ಮಂಗಳೂರು ಕಡೆಯವರಿಗೆ ಬೂತಾಯಿ, ಬಂಗುಡೆ ಇದೆ. ಪ್ರೋಟೀನು, ಸೆಲೆನಿಯಂ, ಒಳ್ಳೆಯ ಕೊಬ್ಬು ಮೂರೂ ಅದರಲ್ಲಿವೆ.

ಶೆಡ್‌ಗಳಲ್ಲಿ ಬಿಹಾರ, ಒಡಿಶಾದಿಂದ ಬಂದ ಹುಡುಗರು ಬಹಳ ಜನ. ಆರು ಜನ ಒಂದು ರೂಮು, ಒಂದು ಸ್ಟೌ, ರಾತ್ರಿ ಅನ್ನ, ಆಲೂಗಡ್ಡೆ. ಅವರಿಗೆ ಸೊಪ್ಪು ಬಿಡಿಸಿ ಸಾರು ಮಾಡಿ ಅಂದರೆ ಆಗದ ಮಾತು. ನಾನು ಹೇಳುವುದು ಎರಡೇ. ಕುಕ್ಕರಿಗೆ ಅಕ್ಕಿ ಹಾಕುವಾಗ ಒಂದು ಲೋಟ ಬೇಳೆ, ಎರಡು ಹಿಡಿ ಪಾಲಕ್ ಹಾಕಿ ಖಿಚಡಿ ಮಾಡಿ. ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಡಿ, ಮೊಳಕೆ ಬಂದದ್ದಕ್ಕೆ ಈರುಳ್ಳಿ, ನಿಂಬೆ ಹಾಕಿ ತಿನ್ನಿ. ಮೊಳಕೆ ಬಂದಾಗ ಕಾಳಿನಲ್ಲಿ ವಿಟಮಿನ್ ಸಿ ಹೊಸದಾಗಿ ಹುಟ್ಟುತ್ತದೆ. ನಿಮ್ಮ ಶೆಡ್ಡಿನಲ್ಲಿ ಅಂಥ ಹೆಲ್ಪರ್ ಇದ್ದರೆ ಇದನ್ನು ಓದಿ ಹೇಳಿ.

ನೀರು ಮರೆಯಬೇಡಿ. ಶೀಟಿನ ಕೆಳಗೆ, ಲೆದರ್ ಏಪ್ರನ್ ಒಳಗೆ ಬೆವರು ಸುರಿಯುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ ಕೋಲ್ಡ್ ಡ್ರಿಂಕಿಗಿಂತ ಎಷ್ಟೋ ಮೇಲು.

ಹಾಲು, ಬೆಲ್ಲ, ಮಾತ್ರೆ

ಹಾಲು ಒಳ್ಳೆಯ ಆಹಾರ. ಪ್ರೋಟೀನಿದೆ, ಕ್ಯಾಲ್ಸಿಯಂ ಇದೆ. ಆದರೆ ಅದು ಹೋಗುವುದು ಹೊಟ್ಟೆಗೆ, ಹೊಗೆ ಕೂತಿರುವುದು ಶ್ವಾಸಕೋಶದಲ್ಲಿ. ಕೆಲವು ಕಡೆ ಕೆಲಸಗಾರರಿಗೆ ದಿನಾ ಹಾಲು ಕೊಟ್ಟು, ಎಕ್ಸಾಸ್ಟ್ ಹಾಕಿಸದೆ ಸುಮ್ಮನಾಗುತ್ತಾರೆ. ನನಗೆ ಬಹಳ ನೋವಾಗುವುದು ಇಲ್ಲೇ. ಹಾಲು ಕೊಡಿ, ಫ್ಯಾನೂ ಹಾಕಿಸಿ.

ಬೆಲ್ಲದ ಬಗ್ಗೆ ಲಕ್ನೋದ ವಿಜ್ಞಾನಿಗಳು ಇಲಿಗಳ ಮೇಲೆ ಮಾಡಿದ ಪ್ರಯೋಗ 1994ರಲ್ಲಿ ಪ್ರಕಟವಾಯಿತು. ಬೆಲ್ಲ ತಿನ್ನಿಸಿದ ಇಲಿಗಳ ಶ್ವಾಸಕೋಶದಿಂದ ಧೂಳು ಹೆಚ್ಚು ಆಚೆ ಸರಿದಿತ್ತು. ಆದರೆ ಇಲಿಯ ಮಾತು ವೆಲ್ಡರಿಗೆ ಹಾಗೇ ಒಪ್ಪುವುದಿಲ್ಲ. ಗಂಟಲಿಗೆ ಹಿತ ಅಂತ ಒಂದು ಸಣ್ಣ ತುಂಡು ತಿಂದರೆ ತಪ್ಪಿಲ್ಲ. ಸಕ್ಕರೆ ಕಾಯಿಲೆ ಇರುವವರು ಬೇಡ.

ಆಂಟಿಆಕ್ಸಿಡೆಂಟ್ ಮಾತ್ರೆಗಳ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,000ಕ್ಕೂ ಹೆಚ್ಚು ಗಂಡಸರ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ದಿನಾ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ. 18ರಷ್ಟು ಹೆಚ್ಚಾಯಿತು. 1994ರಲ್ಲಿ ಈ ಫಲಿತಾಂಶ ಬಂತು. ಅಮೆರಿಕದಲ್ಲಿ ಸಿಗರೇಟು ಸೇದುವವರು ಮತ್ತು ಕಲ್ನಾರಿನ ಕೆಲಸದವರ ಮೇಲೆ ನಡೆದ ಇನ್ನೊಂದು ಪರೀಕ್ಷೆಯನ್ನು ಇದೇ ಕಾರಣಕ್ಕೆ 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಅದೇ ಕೆರೋಟಿನ್ ಇರುವ ಕ್ಯಾರೆಟ್, ಸಿಹಿಗುಂಬಳ, ಸೊಪ್ಪು ತಿನ್ನುವುದರಿಂದ ಇಂಥ ತೊಂದರೆ ಇಲ್ಲ. ಮಾತ್ರೆಯ ದುಡ್ಡಿಗೆ ಮಾಸ್ಕ್ ತನ್ನಿ.

ಹೆಂಡದ ಬಗ್ಗೆ ಒಂದು ಮಾತು. ದಿನಾ ಕುಡಿದರೆ ಲಿವರಿನಲ್ಲಿರುವ ಗ್ಲುಟಾಥಯೋನ್ ಬರಿದಾಗುತ್ತದೆ. ಹಗಲು ಹೊಗೆ ಖರ್ಚು ಮಾಡಿದ್ದನ್ನು ರಾತ್ರಿ ತುಂಬಿಕೊಳ್ಳಬೇಕಾದ ಹೊತ್ತಿಗೆ ಇನ್ನಷ್ಟು ಖರ್ಚು.

ಕೊನೆಯದು: ಡಾಕ್ಟರ್ ಹತ್ತಿರ ಯಾವಾಗ, ಏನು ಹೇಳಬೇಕು

ವರ್ಷಕ್ಕೊಂದು ಸಲ ಉಸಿರಿನ ಪರೀಕ್ಷೆ, ಅಂದರೆ ಪಿಎಫ್‌ಟಿ, ಮತ್ತು ರಕ್ತ ಪರೀಕ್ಷೆ ಮಾಡಿಸಿ. ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ, ಇರುವವರು ಅಲ್ಲೇ ಕೇಳಬಹುದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಎಂದು ನಿಯಮವಿದೆ. ಕಾರ್ಡು ಇಲ್ಲದಿದ್ದರೆ ಮಾಲೀಕರನ್ನು ಕೇಳಿ. ವೆಲ್ಡಿಂಗ್ ಮಾಡುವವರಿಗೆ ನ್ಯುಮೋನಿಯಾ ಬೇಗ ತಗಲುತ್ತದೆ. ಅದಕ್ಕೇ ಬ್ರಿಟನ್ನಿನಲ್ಲಿ ಇವರಿಗೆ ನ್ಯುಮೋಕಾಕಲ್ ಲಸಿಕೆ ಹಾಕಿಸಿಕೊಳ್ಳಿ ಅನ್ನುತ್ತಾರೆ. ನಿಮಗೂ ಬೇಕಾ ಅಂತ ಡಾಕ್ಟರನ್ನು ಕೇಳಿ ನೋಡಿ.

ಕೆಲಸದ ಆ ದಿನವೋ ಮಾರನೆಯ ದಿನವೋ ಉಸಿರು ಕಟ್ಟಿದರೆ, ಎದೆ ಬಿಗಿದರೆ, ತುಟಿ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಕ್ಯಾಡ್ಮಿಯಂ, ಫಾಸ್‌ಜೀನ್ ಎರಡೂ ಮೊದಲು ಬರೀ ಗಂಟಲು ಕೆರೆತದಂತೆ ಕಂಡು, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತವೆ. ಜಿಐ ಜ್ವರ ಅಂದುಕೊಂಡದ್ದು ಎರಡು ದಿನ ಕಳೆದರೂ ಇಳಿಯದಿದ್ದರೆ ಅದು ಬೇರೇನೋ ಇರಬಹುದು.

ಆಸ್ಪತ್ರೆಯಲ್ಲಿ ಬಹಳ ಜನ "ಕೆಮ್ಮು, ಜ್ವರ" ಅಂತಷ್ಟೇ ಹೇಳುತ್ತಾರೆ. ಡಾಕ್ಟರಿಗೆ ನೀವು ವೆಲ್ಡರ್ ಅಂತ ಹೇಗೆ ಗೊತ್ತಾಗಬೇಕು? ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ: ಎಷ್ಟು ವರ್ಷದಿಂದ ಕೆಲಸ, ದಿನಕ್ಕೆ ಎಷ್ಟು ಗಂಟೆ, ಎಂಎಸ್ಸೋ ಎಸ್‌ಎಸ್ಸೋ ಜಿಐಯೋ, ಬೀಡಿ ಉಂಟಾ ಇಲ್ವಾ. ರಾಡ್ ಪ್ಯಾಕೆಟ್ಟಿನ ಎರಡೂ ಬದಿಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ತೋರಿಸಿ.